ಒಂದು ತೋಡು, ಮೂರು ಕಟ್ಟ: ಪಯಸ್ವಿನಿ ಕಡೆಯ ಒಂದು ಬೈಲಿನ ಪ್ರಕರಣ

ಈ ಬರಹದಲ್ಲಿ ಊರಿನ ಹೆಸರಿಲ್ಲ, ಮನೆಗಳ ಹೆಸರೂ ಇಲ್ಲ. ಬೇಸಗೆಯ ನೀರಿಗಾಗಿ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕಲು ಹೊರಟ ಒಂದೇ ಬೈಲಿನ ಹನ್ನೊಂದು ಮನೆಯವರ ನಡುವೆ ನಡೆದ ಮಾತು, ಮುನಿಸು, ಕೆಲಸದ ಕತೆ ಇದು. ಎಲ್ಲರೂ ನಾಳೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕಾದವರು. ಹಾಗಾಗಿ ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ, ಒಂದೆರಡನ್ನು ಬದಲಿಸಿದ್ದೇನೆ. ನೀರಿನ ಅಳತೆಗಳು ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿ ಇದ್ದ ಹಾಗೆಯೇ ಇವೆ. ಕಾಸರಗೋಡಿನ ಬೇರೆ ಬೈಲುಗಳಲ್ಲೂ, ಗಡಿಯಾಚೆ ಸುಳ್ಯ, ಪುತ್ತೂರಿನ ಕಡೆಯಲ್ಲೂ ಇದೇ ತಾಪತ್ರಯ ಇದೆ. ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮಳೆ ಇದೆ, ನೀರಿಲ್ಲ

ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲಿವೆ ಎಂದು ಶಾಲೆಯಲ್ಲೇ ಕಲಿಯುತ್ತೇವೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅಂದರೆ ಆಳೆತ್ತರಕ್ಕೆ ಎರಡು ಪಾಲು ನೀರು. ಆದರೂ ಏಪ್ರಿಲ್ ಬಂದರೆ ಟ್ಯಾಂಕರಿಗೆ ಕಾಯುವ ಊರುಗಳು ಇಲ್ಲಿವೆ. ಹೊರಗಿನಿಂದ ಬಂದ ನೆಂಟರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಕಾರಣ ನೆಲದ ಓರೆಯಲ್ಲಿದೆ. ಜಿಲ್ಲೆಯ ದೊಡ್ಡ ನದಿ ಚಂದ್ರಗಿರಿ. ಅದು ಹುಟ್ಟುವುದು ಕೊಡಗಿನ ತಲಕಾವೇರಿ ಕಾಡಿನ ಪಟ್ಟಿಮಲೆಯ ಕಡೆ. ಅದರ ದೊಡ್ಡ ಕವಲು ಪಯಸ್ವಿನಿ ಸಂಪಾಜೆ, ಅರಂತೋಡು, ಸುಳ್ಯ, ಜಾಲ್ಸೂರು ದಾಟಿ ಆದೂರಿನ ಕಡೆ ನಮ್ಮ ಜಿಲ್ಲೆಗೆ ಇಳಿಯುತ್ತದೆ. ಬೆಟ್ಟದ ತುದಿಯಿಂದ ಕಡಲಿನವರೆಗೆ ಒಟ್ಟು ಉದ್ದ 105 ಕಿಲೋಮೀಟರ್ ಮಾತ್ರ. ಸಾವಿರ ಮೀಟರಿಗೂ ಎತ್ತರದಿಂದ ಹೊರಟ ನೀರು ಇಷ್ಟೇ ದೂರದಲ್ಲಿ ಕಡಲು ಸೇರಬೇಕು. ಅದಕ್ಕೆ ನಿಲ್ಲಲು ಪುರುಸೊತ್ತಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಘಟ್ಟದ ಮೇಲೆ ಸುರಿದ ಮಳೆ ಬೇಗನೆ ಕಾಸರಗೋಡಿನ ಅಳಿವೆ ದಾಟಿರುತ್ತದೆ. ಜಲಾನಯನದ ಅರ್ಧಕ್ಕಿಂತ ಜಾಸ್ತಿ ಭಾಗ ಇರುವುದು ಕರ್ನಾಟಕದಲ್ಲಿ. 1956ರಲ್ಲಿ ರಾಜ್ಯಗಳ ಗಡಿ ಬರೆದವರು ಇದನ್ನೇನೂ ಕೇಳಲಿಲ್ಲ. ನದಿಯೂ ಗಡಿಯನ್ನು ಕೇಳುವುದಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದಾಗ ಪಯಸ್ವಿನಿ ಆ ಕೆಂಪು ಮಣ್ಣನ್ನೂ ಮರದ ದಿಮ್ಮಿಗಳನ್ನೂ ಹೊತ್ತು ಕೆಳಗೆ ತಂದಿತ್ತು.

ಬೇಸಗೆಯಲ್ಲಿ ಇದೇ ನದಿಯ ಇನ್ನೊಂದು ಮುಖ ಕಾಣುತ್ತದೆ. ಮೇಲಿನಿಂದ ಸಿಹಿನೀರಿನ ಒತ್ತಡ ಕಡಿಮೆಯಾದ ಕೂಡಲೇ ಭರತದ (ಕಡಲು ಉಬ್ಬುವ) ಹೊತ್ತಿಗೆ ಉಪ್ಪುನೀರು ಒಳಗೆ ಬರುತ್ತದೆ. ಕಾಸರಗೋಡು ಪೇಟೆಗೆ ಕುಡಿಯುವ ನೀರು ಎತ್ತುವ ಬಾವಿಕ್ಕೆರೆಯಲ್ಲಿ ರೆಗ್ಯುಲೇಟರ್ (ಬಾಗಿಲಿರುವ ಅಣೆಕಟ್ಟು) ಆಗುವ ಮೊದಲು ವರ್ಷ ವರ್ಷ ಮರಳಿನ ಚೀಲ ಪೇರಿಸಿ ತಾತ್ಕಾಲಿಕ ಒಡ್ಡು ಹಾಕುತ್ತಿದ್ದರು. ಒಡ್ಡು ತಡವಾದರೆ ಪೇಟೆಯ ನಲ್ಲಿಯಲ್ಲಿ ಉಪ್ಪುನೀರು. ಪೇಟೆಯವರಿಗೆ ಅದು ಬಾವಿಕ್ಕೆರೆಯ ಸಮಸ್ಯೆ ಎಂದು ಕಾಣುತ್ತಿತ್ತು. ನನಗೆ ಅದು ನಮ್ಮಂಥ ನೂರಾರು ತೋಡುಗಳ ಸಮಸ್ಯೆ ಎಂದು ಕಾಣುತ್ತದೆ. ಜನವರಿಯಿಂದ ಆಚೆ ನದಿಯಲ್ಲಿ ಹರಿಯುವುದು ಮಳೆನೀರಲ್ಲ. ಗುಡ್ಡೆಗಳ ಒಳಗಿಂದ ಒಸರಿ ತೋಡಿಗೆ ಬಂದು, ತೋಡಿನಿಂದ ನದಿಗೆ ಬರುವ ನೀರು ಅದು.

ನಮ್ಮ ಬೈಲು, ನಮ್ಮ ತೋಡು

ಎರಡು ಗುಡ್ಡೆಗಳ ನಡುವೆ ಸುಮಾರು ಎರಡು ಕಿಲೋಮೀಟರ್ ಉದ್ದದ ಬೈಲು. ನಡುವೆ ತೋಡು. ಅದು ಪಯಸ್ವಿನಿಗೆ ಸೇರುತ್ತದೆ. ಗುಡ್ಡೆಯ ನೆತ್ತಿಯಲ್ಲಿ ಪದವು, ಕರಿ ಬಣ್ಣಕ್ಕೆ ತಿರುಗಿದ ಮುರಕಲ್ಲಿನ (ಜಂಬಿಟ್ಟಿಗೆಯ) ಹಾಸು. ಅದರ ಅಡಿಯಲ್ಲಿ ತೂತು ತೂತಿನ ಮೆದು ಕಲ್ಲು. ಅದಕ್ಕೂ ಕೆಳಗೆ ಶೇಡಿಮಣ್ಣು, ಜೇಡಿಯಂಥದ್ದು. ಮುರಕಲ್ಲು ನೀರು ಕುಡಿಯುತ್ತದೆ, ಶೇಡಿ ಅದನ್ನು ಕೆಳಗೆ ಬಿಡುವುದಿಲ್ಲ. ಹಾಗಾಗಿ ಇವೆರಡು ಸೇರುವ ಗೆರೆಯಲ್ಲಿ ನೀರು ಅಡ್ಡಕ್ಕೆ ಜಾರಿ ಗುಡ್ಡೆಯ ಬದಿಯಲ್ಲಿ ಒಸರಾಗಿ ಹೊರಗೆ ಬರುತ್ತದೆ. ನಮ್ಮ ಹಿರಿಯರು ಸುರಂಗ ಕೊರೆದದ್ದು ಇದೇ ಗೆರೆಯನ್ನು ಹುಡುಕಿಕೊಂಡು. ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಗಾತ್ರದಲ್ಲಿ. ಬೈಲಿನಲ್ಲಿ ಇಂಥ ಏಳು ಸುರಂಗಗಳಿವೆ. ಈಗ ನಾಲ್ಕರಲ್ಲಿ ನೀರಿದೆ.

ನಾನು ಚಿಕ್ಕವನಿದ್ದಾಗ ಬೈಲು ತುಂಬ ಗದ್ದೆ ಇತ್ತು. ಏಣೆಲು, ಸುಗ್ಗಿ ಎಂದು ಎರಡು ಬೆಳೆ, ತೋಡಿನ ಪಕ್ಕದ ಗದ್ದೆಗಳಲ್ಲಿ ಕೊಳಕೆ ಎಂಬ ಬೇಸಗೆಯ ಬೆಳೆಯೂ. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತಿತ್ತು. ಅದು ಸುಮ್ನೆ ನಿಂತ ನೀರಲ್ಲ, ನಿಧಾನವಾಗಿ ಇಂಗುತ್ತಿದ್ದ ನೀರು ಎಂದು ಆಗ ಯಾರೂ ಲೆಕ್ಕ ಹಾಕಿರಲಿಲ್ಲ. ಆಮೇಲೆ ಗದ್ದೆಗಳೆಲ್ಲ ಅಡಕೆ ತೋಟವಾದವು. ಅಡಕೆಗೆ ಬುಡದಲ್ಲಿ ನೀರು ನಿಲ್ಲಬಾರದು ಅಲ್ವಾ, ಅದಕ್ಕೆ ಉಜಿರುಕಣಿ ತೆಗೆದೆವು. ಮಳೆಗಾಲದಲ್ಲಿ ನೀರನ್ನು ಆದಷ್ಟು ಬೇಗ ಓಡಿಸುವ ಕಣಿ. ಬೇಸಗೆಯಲ್ಲಿ ಅದೇ ತೋಟಕ್ಕೆ ನೀರು ಬೇಕು. ಪದವಿನಲ್ಲಿ ಒಂದೆರಡು ಕಲ್ಲುಕೋರೆ ಬಂತು, ಬದಿಯ ಗುಡ್ಡೆಗೆ ರಬ್ಬರ್ ಬಂತು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ನನ್ನ ತೋಟವೂ ಗದ್ದೆಯಾಗಿದ್ದ ಜಾಗದಲ್ಲೇ ಇದೆ.

ಹಿಂದೆ ಈ ತೋಡಿಗೆ ವರ್ಷ ವರ್ಷ ಕಟ್ಟ ಹಾಕುತ್ತಿದ್ದರು. ಕಟ್ಟ ಅಂದರೆ ತೋಡಿಗೆ ಅಡ್ಡವಾಗಿ ಕಾಡುಕಲ್ಲಿನ ಎರಡು ಸಾಲು ಗೋಡೆ, ನಡುವೆ ತುಳಿದು ಗಟ್ಟಿ ಮಾಡಿದ ಮಣ್ಣು. ಮಳೆ ನಿಂತ ಮೇಲೆ ಕಟ್ಟುವುದು, ಮುಂದಿನ ಮಳೆಗೆ ಅದು ತಾನಾಗಿ ಹೋಗುವುದು. ಪಂಪ್‌ಸೆಟ್ ಬಂತು, ಬೋರ್‌ವೆಲ್ ಬಂತು, ಕೆಲಸಕ್ಕೆ ಜನ ಸಿಗುವುದು ಕಷ್ಟವಾಯಿತು. ಕಟ್ಟ ನಿಂತು ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು.

2017ರ ಬೇಸಗೆ

2016ರಲ್ಲಿ ಮುಂಗಾರು ಕೈಕೊಟ್ಟಿತು, ತುಲಾವರ್ಷವೂ (ಹಿಂಗಾರು) ಕೈಕೊಟ್ಟಿತು. ಕೇರಳದ ಎಲ್ಲ ಜಿಲ್ಲೆಗಳನ್ನೂ ಬರಪೀಡಿತ ಎಂದು ಘೋಷಿಸಿದರು. 2017ರ ಫೆಬ್ರವರಿ ಕೊನೆಗೆ ನಮ್ಮ ತೋಡಿನಲ್ಲಿ ಹರಿವು ನಿಂತಿತು. ಮಾರ್ಚಿನಲ್ಲಿ ಹನ್ನೊಂದು ಮನೆಯ ಬಾವಿಗಳಲ್ಲಿ ಆರು ಬತ್ತಿದವು. ನಮ್ಮ ಬಾವಿಯ ಹಗ್ಗಕ್ಕೆ ಅಮ್ಮ ಅಡಿಗೊಂದು ಗಂಟು ಹಾಕಿದ್ದರು. ಕೊಡಪಾನ ನೀರಿಗೆ ತಾಗುವಾಗ ಕೈಯಲ್ಲಿ ಎಷ್ಟನೆಯ ಗಂಟು ಇದೆ ಎಂದು ಅವರಿಗೆ ಲೆಕ್ಕ. ಏಪ್ರಿಲ್ ಹತ್ತರಂದು ಕೊಡಪಾನ ಕೆಸರಿಗೆ ಬಡಿಯಿತು. ಆ ದಿನ ಅಮ್ಮ ಏನೂ ಹೇಳಲಿಲ್ಲ. ಹಗ್ಗವನ್ನು ಸುತ್ತಿ ರಾಟೆಯ ಮೇಲೆ ಇಟ್ಟು ಒಳಗೆ ಬಂದರು.

ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ: ಬೋರ್‌ವೆಲ್. ಆ ಬೇಸಗೆ ಬೈಲಿನಲ್ಲಿ ನಾಲ್ಕು ಕೊರೆಸಿದರು. ಎರಡರಲ್ಲಿ ಬರೀ ಧೂಳು. ಒಂದರಲ್ಲಿ ಸ್ವಲ್ಪ ನೀರು. ಇನ್ನೊಂದರಲ್ಲಿ ಚೆನ್ನಾಗಿ ಬಂತು, ಆದರೆ ಅದರ ಪಂಪ್ ಓಡಲು ಶುರುವಾದ ಎರಡು ವಾರದಲ್ಲಿ ಮೇಲಿನ ಸುರಂಗವೊಂದು ಒಣಗಿತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಸುರಂಗದವರು, ಇಲ್ಲ ಎಂದು ಬೋರ್‌ವೆಲ್‌ನವರು. ಮಾತು ಬಿಟ್ಟರು. ಆ ಮುನಿಸೇ ಮುಂದೆ ನಮಗೆ ದೊಡ್ಡ ಅಡ್ಡಿಯಾಯಿತು.

ಅದಕ್ಕೂ ಹಲವು ವರ್ಷ ಮೊದಲು ತೋಡಿಗೆ ಒಂದು ಕಿಂಡಿ ಅಣೆಕಟ್ಟು ಆಗಿತ್ತು. ಕಾಂಕ್ರೀಟಿನ ಕಂಬಗಳು, ನಡುವೆ ಹಲಗೆ ಇಳಿಸುವ ಸೀಳು. ಯಾವ ಇಲಾಖೆ ಎಂದು ಹೇಳುವುದರಿಂದ ಪ್ರಯೋಜನವಿಲ್ಲ. ಜಾಗ ಆರಿಸಿದ್ದೇ ಸರಿ ಇರಲಿಲ್ಲ. ಜೀಪು ಬರುವ ದಾರಿ ಇದ್ದಲ್ಲಿ ಕಟ್ಟಿದರು. ಅಲ್ಲಿ ಅಡಿಯಲ್ಲಿ ಬಿರುಕು ಬಿಟ್ಟ ಮುರಕಲ್ಲು. ಹಲಗೆ ಹಾಕಿದರೆ ನೀರು ಹಲಗೆಯ ಮೇಲೆ ಬರುವ ಬದಲು ಅಡಿಯಿಂದ ಆಚೆ ಹೋಗುತ್ತಿತ್ತು. ಎರಡನೇ ಮಳೆಗಾಲದಲ್ಲಿ ಬಲದಂಡೆ ಕೊರೆದು ತೋಡು ಅಣೆಕಟ್ಟಿನ ಪಕ್ಕದಲ್ಲೇ ಹೊಸ ದಾರಿ ಮಾಡಿಕೊಂಡಿತು. ಹಲಗೆಗಳು ಯಾರ ಜವಾಬ್ದಾರಿ ಎಂದು ಎಲ್ಲೂ ಬರೆದಿರಲಿಲ್ಲ. ಮೂರನೇ ವರ್ಷ ಹಲಗೆಗಳೇ ಇರಲಿಲ್ಲ. ಕಂಬಗಳು ಈಗಲೂ ಇವೆ, ಮಕ್ಕಳು ಅದರ ಮೇಲಿಂದ ಹಾರುತ್ತಾರೆ.

ಮೊದಲ ಕಟ್ಟ, ಮೊದಲ ತಪ್ಪು

ಆ ಮಳೆಗಾಲ ಮುಗಿಯುವ ಹೊತ್ತಿಗೆ ಬೈಲಿನ ನಡುವಿನ ಐದು ಮನೆಯವರು ಸೇರಿ ಹಳೆಯ ಕಟ್ಟವನ್ನೇ ಹಾಕೋಣ ಎಂದು ಹೊರಟೆವು. ಕಟ್ಟ ಕಟ್ಟಲು ಗೊತ್ತಿದ್ದ ಅಜ್ಜ ಒಬ್ಬರು ಉಳಿದಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಅವರು ಬಂದು ತೋಡು ನೋಡಿ ಒಂದೇ ಮಾತು ಹೇಳಿದರು: "ಇನ್ನೂ ಅವಸರ ಮಾಡಬೇಡಿ. ಧನು ತಿಂಗಳು ಬರಲಿ."

ಧನು ಎಂದರೆ ಡಿಸೆಂಬರ್ ನಡುವಿನಿಂದ. ನಮಗೆ ಅವಸರವಿತ್ತು. ಹೋದ ಬೇಸಗೆಯ ಹೆದರಿಕೆ ಇನ್ನೂ ಹೋಗಿರಲಿಲ್ಲ. ನವೆಂಬರ್ ಕೊನೆಗೆ ಹರಿವು ಚೆನ್ನಾಗಿದೆ, ಈಗಲೇ ಹಿಡಿದರೆ ಜಾಸ್ತಿ ಸಿಗುತ್ತದೆ ಎಂದು ಯೋಚಿಸಿದೆವು. ಯೋಚಿಸಿದವರಲ್ಲಿ ನಾನೇ ಮುಂದೆ. ಇಪ್ಪತ್ತೈದು ಆಳಿನ ಕೆಲಸ ಹಿಡಿಯಿತು. ಕಟ್ಟ ತುಂಬಿದ ದಿನ ಎಲ್ಲರೂ ಫೋಟೊ ತೆಗೆದುಕೊಂಡೆವು. ಎಂಟು ದಿನ ಕಳೆದು ಒಂದು ಸಂಜೆ ಗುಡುಗು, ಒಂದೂವರೆ ಗಂಟೆ ಮಳೆ. ರಾತ್ರಿ ಹತ್ತರ ಹೊತ್ತಿಗೆ ಕಟ್ಟ ಹೋಯಿತು. ಹೋದದ್ದಷ್ಟೇ ಅಲ್ಲ, ನಿಂತಿದ್ದ ನೀರು ಒಮ್ಮೆಲೇ ಹೋಗಿ ಕೆಳಗಿನ ಒಂದು ಮನೆಯ ಪಂಪ್‌ಶೆಡ್ಡಿಗೆ ನುಗ್ಗಿ ಮೋಟಾರು ಹಾಳು ಮಾಡಿತು.

ಮಾರನೆಯ ದಿನ ಅಜ್ಜ ಬಂದರು. "ನಾನು ಹೇಳಿದ್ದೆ" ಎನ್ನಲಿಲ್ಲ. ಮುರಿದ ಜಾಗದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿ ನೋಡಿದರು. ಮಣ್ಣು ಪುಡಿಯಾಗಿ ಬೆರಳ ಸಂದಿಯಿಂದ ಉದುರಿತು. "ಇದರಲ್ಲಿ ಹೊಯಿಗೆ ಜಾಸ್ತಿ ಮಗ. ಗುಡ್ಡೆಯ ಕೆಂಪು ಮಣ್ಣು ತರಬೇಕಿತ್ತು" ಎಂದರು. ಹತ್ತಿರದಲ್ಲಿ ಸಿಗುತ್ತದೆ ಎಂದು ನಾವು ತೋಡಿನ ದಂಡೆಯದ್ದೇ ಮರಳು ಮಣ್ಣು ಹಾಕಿದ್ದೆವು. ಆ ವರ್ಷ ಮತ್ತೆ ಕಟ್ಟಲು ಯಾರಿಗೂ ಮನಸ್ಸು ಬರಲಿಲ್ಲ. ಹಾಳಾದ ಮೋಟಾರಿನ ರಿಪೇರಿ ಖರ್ಚನ್ನು ಐದು ಮನೆಯವರು ಹಂಚಿಕೊಂಡೆವು. ಅದನ್ನು ಕೊಡದೆ ಇದ್ದಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ ಎಂದು ನನಗೆ ಖಾತ್ರಿ.

ಎರಡನೇ ವರ್ಷ: ನೀರಿಗಿಂತ ಮೊದಲು ಜಗಳ

ಎರಡನೇ ವರ್ಷ ಧನು ತಿಂಗಳಿಗೇ ಕಾದೆವು, ಮಣ್ಣೂ ಗುಡ್ಡೆಯಿಂದಲೇ ತಂದೆವು. ಈ ಸಲ ಬೈಲಿನ ಮೇಲ್ಭಾಗದ ಮನೆಯವರೂ ಸೇರಿದರು. ಅವರು ಮೇಲೆ ಒಂದು ಕಟ್ಟ, ನಾವು ನಡುವೆ ಒಂದು. ಅವರದ್ದು ಮೊದಲು ಮುಗಿಯಿತು. ಅವರು ಕಟ್ಟಿದ ಕೂಡಲೇ ನಮ್ಮಲ್ಲಿ ಹರಿವು ಹೆಚ್ಚುಕಡಿಮೆ ನಿಂತಿತು. ಎರಡು ದಿನ ಬಿಟ್ಟು ಅವರದ್ದು ತುಂಬಿ ನೀರು ಕೆಳಗೆ ಬರುವಾಗ ನಾವು ನಮ್ಮದನ್ನು ಮುಚ್ಚಿದೆವು. ಆಗ ನಮ್ಮ ಕೆಳಗಿನವರಿಗೆ ನೀರಿಲ್ಲ.

ಬೈಲಿನ ಕೊನೆಯ ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಸಣ್ಣ ತೋಟ ನೋಡಿಕೊಳ್ಳುತ್ತಾರೆ. ಅವರ ಜಾಗದಲ್ಲಿ ತೋಡು ಬಂಡೆಯ ಮೇಲೆ ಹರಿಯುತ್ತದೆ. ಕಟ್ಟಕ್ಕೆ ಬುಡ ಸಿಗುವುದಿಲ್ಲ, ಬಾವಿಯೂ ಆಳವಿಲ್ಲ. ಬಟ್ಟೆ, ದನ, ತೋಟ ಎಲ್ಲ ಹರಿಯುವ ತೋಡಿನಲ್ಲೇ. ನಾಲ್ಕನೆಯ ದಿನ ಅವರು ಕತ್ತಿ ಹಿಡಿದುಕೊಂಡು ನಮ್ಮ ಕಟ್ಟದ ಮೇಲೆ ಬಂದು ನಿಂತರು. ಕಡಿಯಲು ಅಲ್ಲ, ದಾರಿಯ ಬಳ್ಳಿ ಸವರಲು ತಂದ ಕತ್ತಿ. ಆದರೆ ನೋಡಿದವರಿಗೆ ಹಾಗೆ ಕಾಣಲಿಲ್ಲ. "ನಿಮ್ಮ ಬಾವಿ ತುಂಬಲಿ, ನನಗೆ ಸಂತೋಷ. ಆದರೆ ನನ್ನ ದನ ಎಲ್ಲಿ ನೀರು ಕುಡಿಯಬೇಕು ಹೇಳಿ ಅಣ್ಣಾ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಆ ಸಂಜೆ ನಾವೇ ಮೇಲಿನ ಎರಡು ಕಲ್ಲು ಸಾಲು ಇಳಿಸಿದೆವು. ಆ ವರ್ಷದ ಕಟ್ಟ ಅರ್ಧ ಪ್ರಯೋಜನಕ್ಕೆ ಬಂತು.

ಇಡೀ ಪ್ರಕರಣದ ತಿರುವು ಇದೇ. ಅಲ್ಲಿಯ ತನಕ ನಾವು ಕಟ್ಟ ಅಂದರೆ ನೀರು ಹಿಡಿಯುವುದು ಎಂದು ತಿಳಿದಿದ್ದೆವು. ಎಷ್ಟು ಬಿಡಬೇಕು ಎಂದು ಒಬ್ಬರೂ ಕೇಳಿರಲಿಲ್ಲ.

ಕೆಳಗಿನಿಂದ ಮೇಲಕ್ಕೆ

ಮುಂದಿನ ಮಳೆಗಾಲದ ಕೊನೆಗೆ ಹನ್ನೊಂದೂ ಮನೆಯವರು ಒಂದು ಅಂಗಳದಲ್ಲಿ ಕೂತೆವು. ಬೋರ್‌ವೆಲ್‌ನವರೂ ಸುರಂಗದವರೂ ಬಂದರು, ಬೇರೆ ಬೇರೆ ಮೂಲೆಯಲ್ಲಿ ಕೂತರು. ಅಜ್ಜ ಒಂದು ಸೂಚನೆ ಕೊಟ್ಟರು. ಈ ಸಲ ಕೆಳಗಿನ ಕಟ್ಟ ಮೊದಲು, ಆಮೇಲೆ ನಡುವಿನದ್ದು, ಕೊನೆಗೆ ಮೇಲಿನದ್ದು. ಹರಿವು ಚೆನ್ನಾಗಿ ಇರುವಾಗಲೇ ಕೆಳಗಿನವರ ನೆಲ ತುಂಬುತ್ತದೆ. ಮೇಲಿನವರು ತಮ್ಮದನ್ನು ಮುಚ್ಚುವ ಹೊತ್ತಿಗೆ ಕೆಳಗಿನವರಿಗೆ ಹೆದರಿಕೆ ಇರುವುದಿಲ್ಲ. ಇನ್ನೊಂದು ಲಾಭವನ್ನೂ ಅವರು ಹೇಳಿದರು. ಕೆಳಗಿನ ಕಟ್ಟದ ನೀರು ಮೇಲಿನ ಕಟ್ಟದ ಪಾದಕ್ಕೆ ತಾಗುವ ಹಾಗೆ ಜಾಗ ಆರಿಸಿದರೆ ಮೇಲಿನ ಕಟ್ಟಕ್ಕೆ ಎರಡೂ ಕಡೆ ನೀರಿನ ಆಸರೆ. ಒತ್ತಡ ಕಡಿಮೆ, ಸೋರುವುದೂ ಕಡಿಮೆ. ಸೋರಿದ್ದೂ ಕೆಳಗಿನದ್ದಕ್ಕೇ ಸೇರುತ್ತದೆ.

ಪಾದಕ್ಕೆ ತಾಗುವುದು ಎಂದರೆ ಎಲ್ಲಿ? ಅಜ್ಜ ಕಣ್ಣಂದಾಜಿನಲ್ಲಿ ತೋರಿಸಿದರು. ನಾವು ಮೇಸ್ತ್ರಿಗಳ ಲೆವೆಲ್ ಪೈಪು ತಂದೆವು, ನೀರು ತುಂಬಿದ ಪಾರದರ್ಶಕ ಪೈಪು. ಕೆಳಗಿನ ಕಟ್ಟದ ಎತ್ತರ ಒಂದೂವರೆ ಮೀಟರ್ ಎಂದಿಟ್ಟುಕೊಂಡು ಅದೇ ಮಟ್ಟವನ್ನು ಪೈಪಿನಲ್ಲಿ ಹಿಡಿದು ತೋಡಿನ ಉದ್ದಕ್ಕೂ ಗೂಟ ಹೊಡೆಯುತ್ತಾ ಹೋದೆವು. 150 ಮೀಟರಿನಲ್ಲಿ ಮಟ್ಟ ತೋಡಿನ ತಳಕ್ಕೆ ಸೇರಿತು. ಅಜ್ಜ ತೋರಿಸಿದ ಜಾಗ ಅಲ್ಲಿಂದ ನಾಲ್ಕು ಹೆಜ್ಜೆ ಆಚೆ. ಎಲ್ಲರೂ ಅಜ್ಜನ ಮುಖ ನೋಡಿದರು. ಅವರು ಆಗಲೇ ಎಲೆಅಡಕೆ ಹಾಕಲು ನೆರಳಿಗೆ ಹೋಗಿದ್ದರು.

ಕೊನೆಯ ಮನೆಯ ಅಕ್ಕನ ವಿಷಯಕ್ಕೆ ಒಂದು ಪೈಪು. ಕೆಳಗಿನ ಕಟ್ಟದ ಬುಡದಲ್ಲಿ ಎರಡು ಇಂಚಿನ ಪಿವಿಸಿ ಪೈಪು ಮಣ್ಣಿನ ನಡುವೆ ಹಾಸಿದೆವು. ಅದಕ್ಕೆ ವಾಲ್ವ್ ಬೇಡ ಎಂದದ್ದು ಅಕ್ಕನೇ. ವಾಲ್ವ್ ಇದ್ದರೆ ಯಾರಾದರೂ ಮುಚ್ಚುತ್ತಾರೆ. ನಾವು ಒಪ್ಪಿದೆವು. ಕಟ್ಟ ತುಂಬಿದಾಗ 20 ಲೀಟರಿನ ಬಕೆಟ್ ಐದು ಸೆಕೆಂಡಿನಲ್ಲಿ ತುಂಬುತ್ತಿತ್ತು, ಸೆಕೆಂಡಿಗೆ 4 ಲೀಟರ್. ಕಟ್ಟ ಖಾಲಿಯಾಗುತ್ತಾ ಬಂದ ಹಾಗೆ ಪೈಪಿನ ಹರಿವೂ ತಾನಾಗಿ ಕಡಿಮೆ. ನಮಗೆ ಕಷ್ಟ ಬಂದಾಗ ಅವರಿಗೂ ಅದೇ ಲೆಕ್ಕದಲ್ಲಿ. ತೋಡಿನ ಮೀನುಗಳೂ ಉಳಿದವು.

ದಿನ ಯಾವುದು ಎಂಬುದಕ್ಕೆ ಅಜ್ಜನ ಹತ್ತಿರ ಒಂದು ಗುರುತು ಇತ್ತು. ತೋಡಿನ ನಡುವೆ ಆನೆಯ ಬೆನ್ನಿನಂಥ ಬಂಡೆ. ಅದರ ಬೆನ್ನು ಪೂರ್ತಿ ಒಣಗಿ, ಹತ್ತು ದಿನ ಮಳೆಯ ಸೂಚನೆ ಇಲ್ಲದಿದ್ದರೆ ಕಟ್ಟ ಮುಚ್ಚಬಹುದು. ನನಗೆ ಆ ಬಂಡೆಯ ಭಾಷೆಯನ್ನು ಲೀಟರಿನಲ್ಲಿ ಬರೆದಿಡಬೇಕು ಅನಿಸಿತು. ನೇರವಾಗಿ ಹರಿಯುವ ಹತ್ತು ಮೀಟರ್ ಅಳೆದು, ಒಣ ಅಡಕೆ ತೇಲಿಬಿಟ್ಟು ಗಡಿಯಾರ ನೋಡಿದೆ. ಐದಾರು ಸಲ ಬಿಟ್ಟು ಸರಾಸರಿ ತೆಗೆದೆ: 40 ಸೆಕೆಂಡು. ಅಗಲ ಒಂದೂವರೆ ಮೀಟರ್, ಆಳ ಸರಾಸರಿ 10 ಸೆಂಟಿಮೀಟರ್. ಮೇಲ್ಮೈಯ ವೇಗ ತಳದಲ್ಲಿ ಇರುವುದಿಲ್ಲವಾದ್ದರಿಂದ 0.8ರಿಂದ ಗುಣಿಸಬೇಕು. ಸೆಕೆಂಡಿಗೆ 30 ಲೀಟರ್ ಬಂತು. ಬಂಡೆಯ ಬೆನ್ನು ಒಣಗುವುದೆಂದರೆ ನಮ್ಮ ತೋಡಿಗೆ ಸೆಕೆಂಡಿಗೆ 30 ಲೀಟರ್.

ಹೋದ ನೀರು ಎಲ್ಲಿಗೆ ಹೋಯಿತು

ಕೆಳಗಿನ ಕಟ್ಟದ ಕೊನೆಯ ಕಂಡಿಯನ್ನು ಒಂದು ಬೆಳಿಗ್ಗೆ ಎಂಟಕ್ಕೆ ಮುಚ್ಚಿದೆವು. ತುಂಬುವ ತನಕ ಯಾರೂ ಪಂಪ್ ಹಾಕಬಾರದು ಎಂದು ಮಾತಾಗಿತ್ತು. ನಾನು ಲೆಕ್ಕ ಹಾಕಿದ್ದೆ. 150 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ ಮುಕ್ಕಾಲು ಮೀಟರ್ ಆಳ. ಒಟ್ಟು 6 ಲಕ್ಷದ 75 ಸಾವಿರ ಲೀಟರ್. ಬರುವುದು ಸೆಕೆಂಡಿಗೆ 30, ಪೈಪಿನಲ್ಲೂ ಸಂದಿಯಲ್ಲೂ ಹೋಗುವುದು ಹೆಚ್ಚೆಂದರೆ 4. ಉಳಿಯುವ 26ರ ಲೆಕ್ಕದಲ್ಲಿ ಏಳೂಕಾಲು ಗಂಟೆ ಸಾಕು. ಮೂರೂಕಾಲಕ್ಕೆ ತುಂಬುತ್ತದೆ, ಚಾ ಕುಡಿಯುವಾಗ ನೋಡೋಣ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ.

ಮೂರೂಕಾಲಕ್ಕೆ ನೀರು ಮೊಣಕಾಲಿನ ಎತ್ತರಕ್ಕೂ ಬಂದಿರಲಿಲ್ಲ. ಕತ್ತಲಾಯಿತು. ಕಟ್ಟ ಸೋರುತ್ತಿದೆ ಎಂದು ಇಬ್ಬರು ಟಾರ್ಚು ಹಿಡಿದು ಕೆಳಗೆ ಇಳಿದು ನೋಡಿದರು. ಪೈಪಿನ ನೀರು ಬಿಟ್ಟರೆ ಹೇಳುವಂಥ ಸೋರಿಕೆ ಇಲ್ಲ. ಕೊನೆಗೆ ತುಂಬಿದ್ದು ಮಾರನೆಯ ದಿನ ರಾತ್ರಿ ಎಂಟರ ಹೊತ್ತಿಗೆ. 36 ಗಂಟೆ. ಅಷ್ಟು ಹೊತ್ತಿನಲ್ಲಿ ಒಳಗೆ ಉಳಿದದ್ದು ಸುಮಾರು 33 ಲಕ್ಷದ 70 ಸಾವಿರ ಲೀಟರ್. ಕಣ್ಣಿಗೆ ಕಾಣುತ್ತಿದ್ದದ್ದು ಆರೂಮುಕ್ಕಾಲು ಲಕ್ಷ. ಮಿಕ್ಕ 27 ಲಕ್ಷ ಎಲ್ಲಿ? ಆವಿಯಾಗಿ ಹೋಗಿರಲು ಸಾಧ್ಯವಿಲ್ಲ. ದಿನಕ್ಕೆ 5 ಮಿಲಿಮೀಟರ್ ಹೋಗುತ್ತದೆ ಎಂದರೂ ಅಷ್ಟು ನೀರಿನ ಹರವಿನಿಂದ ಎರಡು ದಿನಕ್ಕೆ ಒಂಬತ್ತು ಸಾವಿರ ಲೀಟರ್ ಅಷ್ಟೇ.

ಉತ್ತರ ಅಮ್ಮನ ಹಗ್ಗದಲ್ಲಿ ಸಿಕ್ಕಿತು. ನಮ್ಮ ಬಾವಿ ತೋಡಿನಿಂದ ನಲವತ್ತು ಮೀಟರ್ ದೂರ. ಮೂರನೆಯ ದಿನ ಬೆಳಿಗ್ಗೆ ಅಮ್ಮ ನೀರೆಳೆದು ಬಂದು, "ಇವತ್ತು ಒಂದು ಗಂಟು ಮೇಲೆ ಬಂದಿದೆ" ಎಂದರು. ಒಂದು ವಾರದಲ್ಲಿ ಇನ್ನೊಂದು ಗಂಟು. ನೀರು ಹೋದದ್ದು ಎರಡೂ ದಂಡೆಯ ಮಣ್ಣಿಗೆ, ತೋಡಿನ ತಳದ ಹೊಯಿಗೆಗೆ. ಬೇಸಗೆಯಲ್ಲಿ ತೋಡಿನ ಮಟ್ಟ ಇಳಿದಂತೆ ದಂಡೆಯ ನೀರು ತೋಡಿಗೆ ಇಳಿಯುತ್ತದೆ. ಕಟ್ಟ ಹಾಕಿ ಮಟ್ಟ ಎತ್ತಿದರೆ ಅದೇ ದಾರಿಯಲ್ಲಿ ನೀರು ವಾಪಸು ದಂಡೆಗೆ ಹೋಗುತ್ತದೆ. ನಮ್ಮ ಕಟ್ಟದ ನೀರಿನ ಬಹುಪಾಲು ಕಟ್ಟದಲ್ಲಿ ಇರಲೇ ಇಲ್ಲ, ತೋಟದ ಅಡಿಯಲ್ಲಿತ್ತು. ಕಾಂಕ್ರೀಟ್ ಟ್ಯಾಂಕಿನ ಲೆಕ್ಕ ಹಾಕಿದ್ದು ನನ್ನ ತಪ್ಪು.

ನಡುವಿನ ಕಟ್ಟ ಆರು ದಿನ ಬಿಟ್ಟು, ಮೇಲಿನದ್ದು ಅದಾಗಿ ಒಂಬತ್ತು ದಿನಕ್ಕೆ. ಮೇಲಿನದ್ದು ತುಂಬಲು ಐದು ದಿನ ಬೇಕಾಯಿತು, ಆಗ ಹರಿವೂ ಕಡಿಮೆಯಾಗಿತ್ತು. ಮೇಲಿನ ಮನೆಯ ಅಣ್ಣ ಆ ಐದು ದಿನ ಪಂಪ್ ಹಾಕದೆ ಕಾದರು. ಅವರ ತೋಟ ಎಲ್ಲರದ್ದಕ್ಕಿಂತ ದೊಡ್ಡದು. ಬೇಕಿದ್ದರೆ ಹಾಕಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ.

ಆದದ್ದು, ಆಗದೆ ಉಳಿದದ್ದು

ಆ ಬೇಸಗೆ ತೋಡಿನಲ್ಲಿ ಮಾರ್ಚ್ ಕೊನೆಯ ತನಕ ಹರಿವು ಇತ್ತು. ಕಟ್ಟಗಳಲ್ಲಿ ನೀರು ಏಪ್ರಿಲ್ ನಡುವಿನ ತನಕ. ತೋಡಿನ ಹತ್ತಿರದ ಎಂಟು ಬಾವಿಗಳಲ್ಲಿ ಒಂದೂ ಬತ್ತಲಿಲ್ಲ. ನಮ್ಮ ಬಾವಿಯಲ್ಲಿ ಪತ್ತನಾಜೆಯ ದಿನವೂ (ಮೇ ಕೊನೆಯ ವಾರ) ಎರಡು ಅಡಿ ನೀರಿತ್ತು. ಆ ವರ್ಷ ಮಳೆಯೂ ಒಳ್ಳೆಯದಿತ್ತು, ಹಾಗಾಗಿ ಎಲ್ಲವನ್ನೂ ಕಟ್ಟದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೆ ಕಟ್ಟ ಮುಚ್ಚಿದ ಮೂರನೆಯ ದಿನಕ್ಕೆ ಬಾವಿಯ ನೀರು ಏರಿದ್ದು ಮಳೆಯಿಂದ ಅಲ್ಲ, ಆಗ ಮಳೆಯೇ ಇರಲಿಲ್ಲ.

ಗುಡ್ಡೆಯ ಬದಿಯಲ್ಲಿ ಎತ್ತರಕ್ಕೆ ಇರುವ ಮೂರು ಮನೆಗಳಿಗೆ ಕಟ್ಟದಿಂದ ಏನೂ ಪ್ರಯೋಜನವಾಗಲಿಲ್ಲ. ಕಟ್ಟದ ನೀರು ಕಟ್ಟದ ಮಟ್ಟಕ್ಕಿಂತ ಮೇಲೆ ಏರುವುದಿಲ್ಲ. ಅವರ ನೀರು ಪದವಿನಿಂದಲೇ ಬರಬೇಕು. ಅಲ್ಲಿ ಹಳೆಯ ಮದಕ (ಮಳೆನೀರು ನಿಲ್ಲುವ ಕೆರೆ) ಒಂದು ಹೂಳು ತುಂಬಿ ಬಿದ್ದಿತ್ತು. ಅದರ ಹೂಳು ತೆಗೆಯುವ ಕೆಲಸ ಎರಡು ವರ್ಷ ಬಿಟ್ಟು ಶುರುವಾಯಿತು, ಅರ್ಧ ಆಗಿದೆ. ಕಟ್ಟದ ಕೆಲಸಕ್ಕೆ ಈ ಮೂರು ಮನೆಯವರೂ ಆಳು ಕೊಟ್ಟಿದ್ದರು. ಮದಕದ ಕೆಲಸಕ್ಕೆ ಬೈಲಿನವರೆಲ್ಲ ಅಷ್ಟೇ ಹುರುಪಿನಿಂದ ಹೋಗಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಪ್ರಕರಣ ಪೂರ್ತಿಯಾಗುವುದಿಲ್ಲ.

ಒಣಗಿದ ಸುರಂಗದಲ್ಲಿ ನೀರು ಮತ್ತೆ ಬರಲಿಲ್ಲ. ಬೋರ್‌ವೆಲ್‌ನವರು ಈಗ ಕಟ್ಟದಲ್ಲಿ ನೀರಿರುವ ತನಕ ಬೋರ್ ಹಾಕುವುದಿಲ್ಲ. ಯಾರೂ ಅವರಿಗೆ ಹೇಳಿದ್ದಲ್ಲ. ಎರಡು ಮನೆಯವರ ನಡುವೆ ಮಾತು ಶುರುವಾಗಿದೆ, ಮದುವೆ ಕಾಗದ ಕೊಡುವಷ್ಟು.

ಬೇರೆ ಬೈಲಿನವರು ಇದನ್ನು ಮಾಡಲು ಹೊರಟರೆ ನಾನು ಮೊದಲು ಕೇಳುವುದು, ನಿಮ್ಮ ತೋಡಿನ ಕೊನೆಯ ಮನೆಯವರು ಸಭೆಗೆ ಬಂದಿದ್ದಾರಾ ಎಂದು. ಕಲ್ಲು, ಮಣ್ಣು, ಟಾರ್ಪಾಲು ಎಲ್ಲ ಆಮೇಲೆ. ಟಾರ್ಪಾಲು ಹಾಸಿದರೆ ಕಟ್ಟ ಬೇಗ ಮುಗಿಯುತ್ತದೆ, ನಾವೂ ಎರಡು ವರ್ಷದಿಂದ ಅದನ್ನೇ ಬಳಸುತ್ತಿದ್ದೇವೆ, ಆದರೆ ಮೇ ತಿಂಗಳಲ್ಲಿ ಅದನ್ನು ತೆಗೆಯಲು ಮರೆತರೆ ಹರಿದು ತುಂಡಾಗಿ ಪಯಸ್ವಿನಿಗೆ ಹೋಗುತ್ತದೆ. ಇನ್ನೊಂದು, ಮೊದಲ ವರ್ಷ ಕಟ್ಟ ಹೋಗಬಹುದು ಎಂದು ಮೊದಲೇ ಲೆಕ್ಕದಲ್ಲಿಡಿ. ಹೋದರೆ ಯಾರಿಗೆ ನಷ್ಟ, ಅದನ್ನು ಯಾರು ಕೊಡುವುದು ಎಂದು ಕಟ್ಟುವ ಮೊದಲೇ ಮಾತಾಡಿ.

ಅಜ್ಜ ಈಗಿಲ್ಲ. ಹೋಗುವ ಮೊದಲು ಬೈಲಿನ ಇಬ್ಬರು ಹುಡುಗರಿಗೆ ಕಲ್ಲು ಜೋಡಿಸುವುದನ್ನು ಹೇಳಿಕೊಟ್ಟರು. ದೊಡ್ಡ ಕಲ್ಲಿನ ಮುಖ ನೀರಿನ ಕಡೆಗಲ್ಲ, ಕೆಳಗಿನ ಕಡೆಗೆ. ಸಂದಿಗೆ ಸಣ್ಣ ಕಲ್ಲು ಕೈಯಿಂದ ತುರುಕುವುದು, ಹೊಡೆದು ಕೂರಿಸುವುದಲ್ಲ. ಅವರಿಬ್ಬರಲ್ಲಿ ಒಬ್ಬ ಮಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಧನು ತಿಂಗಳಿಗೆ ನಾಲ್ಕು ದಿನ ರಜೆ ಹಾಕಿ ಬರುತ್ತಾನೆ. ಈ ಸಲ ಮೇ ಹದಿನೆಂಟಕ್ಕೆ ಕೆಳಗಿನ ಕಟ್ಟ ಬಿಚ್ಚಿದೆವು. ಟಾರ್ಪಾಲು ಮಡಚಿ ಅಕ್ಕನ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ್ದೇವೆ, ಪೈಪೂ ಅಲ್ಲೇ ಇದೆ. ಕಲ್ಲುಗಳನ್ನು ಎಡದಂಡೆಯ ಹಲಸಿನ ಮರದ ಬುಡದಲ್ಲಿ ದೊಡ್ಡದು ಬೇರೆ, ಸಣ್ಣದು ಬೇರೆ ಎಂದು ರಾಶಿ ಹಾಕಿದೆ. ಪ್ರವಾಹ ಅಷ್ಟು ಎತ್ತರಕ್ಕೆ ಬರುವುದಿಲ್ಲ ಎಂದು ಆ ಜಾಗವನ್ನು ಆರಿಸಿದ್ದು ಅಜ್ಜನೇ.